ಸಹಿ ಹಾಕುವ ಹಕ್ಕು: ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಹೊರಟವರ ಜೊತೆ ಒಂದಿಷ್ಟು ಮಾತು

(ಮಂಡ್ಯದಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಓದುವುದಕ್ಕೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೈಲಟ್ ಆಗುವುದು ಹೇಗೆ ಅಂತ ಕೇಳಲು ಬಂದವರು ಯಾರಾದರೂ ಇದ್ದರೆ ಈಗಲೇ ಹೇಳಿಬಿಡುತ್ತೇನೆ, ಇವತ್ತಿನ ಮಾತು ಅದಲ್ಲ. ಪೈಲಟ್ ನೋಡುವ ಪರದೆ, ಕೇಳುವ ರೇಡಿಯೊ, ಕಣ್ಣುಮುಚ್ಚಿ ನಂಬುವ ಎತ್ತರ ಮತ್ತು ವೇಗದ ಅಂಕಿ ಇವೆಲ್ಲ ನೆಟ್ಟಗಿವೆಯೇ ಎಂದು ನೆಲದ ಮೇಲೆ ನಿಂತು ಪರೀಕ್ಷಿಸಿ, ಪುಸ್ತಕದಲ್ಲಿ ಸಹಿ ಹಾಕುವವರ ಕೆಲಸ ಇವತ್ತಿನ ವಿಷಯ. ಏವಿಯಾನಿಕ್ಸ್ ಅನ್ನುತ್ತಾರೆ. ನಾನು ಮೊದಲು ವಾಯುಪಡೆಯಲ್ಲಿ ರೇಡಿಯೊ, ರಾಡಾರ್ ಕಡೆ ಇದ್ದು, ಆಮೇಲೆ ನಾಗರಿಕ ವಿಮಾನಗಳ ಹ್ಯಾಂಗರಿಗೆ ಬಂದವನು. ಈಗ ನಿವೃತ್ತ. ಯಾವ ಕಾಲೇಜಿನ ಪರವಾಗಿಯೂ ಬಂದಿಲ್ಲ, ಹಾಗಾಗಿ ಕಹಿ ಮಾತನ್ನೂ ಆಡಬಹುದು.

ನಾನು ಹೇಳಬೇಕೆಂದು ಬಂದಿರುವುದು ಒಂದೇ ಸಂಗತಿ. ಈ ಕೆಲಸದ ಒಂದೊಂದು ಮೆಟ್ಟಿಲೂ ಯಾವ ಕಾಗದದ ಮೇಲೆ ನಿಮ್ಮ ಸಹಿ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಆ ಹಕ್ಕನ್ನು ಯಾವ ಕಾಲೇಜೂ ಮಾರಲಾರದು. ಹಾರಾಡುತ್ತಿರುವ ವಿಮಾನದ ಮೇಲೆ ಕೈಯಾರೆ ಕೆಲಸ ಮಾಡಿ, ಅದನ್ನು ಲಾಗ್‌ಬುಕ್ಕಿನಲ್ಲಿ ಬರೆಸಿಕೊಂಡು, ಮೇಲಿನವರ ನಂಬಿಕೆ ಗಳಿಸಿ ಪಡೆಯಬೇಕು. ಆದ್ದರಿಂದ ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ‘ಪ್ಲೇಸ್‌ಮೆಂಟ್ ಇದೆಯಾ’ ಅಂತಲ್ಲ. ‘ಕೋರ್ಸು ಮುಗಿದ ಮೇಲೆ ಎರಡು ವರ್ಷದ ಅನುಭವ ನಮ್ಮ ಹುಡುಗನಿಗೆ ಯಾವ ಹ್ಯಾಂಗರಿನಲ್ಲಿ ಸಿಗುತ್ತದೆ?’ ಅಂತ ಕೇಳಿ. ಇದಕ್ಕೆ ನೇರ ಉತ್ತರ ಬರದಿದ್ದರೆ ಟೀ ಕುಡಿದು ಎದ್ದು ಬನ್ನಿ.

ಮಂಡ್ಯದಲ್ಲಿ ವಿಮಾನದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ನಮ್ಮ ಜಿಲ್ಲೆಗೆ ವಿಮಾನ ನಿಲ್ದಾಣವೇ ಇಲ್ಲ. ಪಕ್ಕದ ಮೈಸೂರಿನ ಮಂಡಕಳ್ಳಿ ನಿಲ್ದಾಣದ್ದು 1,740 ಮೀಟರ್ ರನ್‌ವೇ. ರೆಕ್ಕೆಯ ಮೇಲೆ ಫ್ಯಾನು ತಿರುಗುವ ಎಟಿಆರ್ 72 ಬರುತ್ತದೆ, ದೊಡ್ಡ ಜೆಟ್‌ಗಳ ನಿತ್ಯದ ಓಡಾಟಕ್ಕೆ ಅದು ಸಾಲದು. ರನ್‌ವೇ ಉದ್ದ ಮಾಡುವ ಮಾತು ನಂಜನಗೂಡು ರಸ್ತೆ ಮತ್ತು ರೈಲು ಹಳಿಯ ಹತ್ತಿರ ಬಂದು ನಿಂತಿರುವುದು ನಿಮಗೆಲ್ಲ ಗೊತ್ತು. ಹಾಗಂತ ಈ ಸೀಮೆಗೂ ವಿಮಾನಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದಾಗ ಜಾಗ ಕೊಟ್ಟು, ಬಂಡವಾಳ ಹಾಕಿ ಪಾಲುದಾರನಾದದ್ದು ಮೈಸೂರು ಸಂಸ್ಥಾನ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಅದೇ ಕಂಪನಿ 1964ರಲ್ಲಿ ಎಚ್‌ಎಎಲ್ ಆಯಿತು. ಈಗ ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಇನ್ನೂ ಹತ್ತಿರ ಬನ್ನಿ. ಮೈಸೂರಿನ ಹೆಬ್ಬಾಳದಲ್ಲಿ, ಮೊದಲು ರಂಗ್‌ಸನ್ಸ್ ಎಲೆಕ್ಟ್ರಾನಿಕ್ಸ್ ಎನ್ನುತ್ತಿದ್ದ, ಈಗ ಸಯೆಂಟ್ ಡಿಎಲ್‌ಎಂ ಆಗಿರುವ ಕಂಪನಿ ವಿಮಾನ ಮತ್ತು ರಕ್ಷಣಾ ಉದ್ಯಮಕ್ಕೆ ಬೋರ್ಡುಗಳನ್ನು ಜೋಡಿಸಿ ಕಳಿಸುತ್ತದೆ. ಅಲ್ಲಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಮೊದಲು ಕೆಲಸ ಎಂಥದ್ದು ನೋಡೋಣ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆ ನಮ್ಮದು, ಹಾಗಾಗಿ ಕರೆಂಟಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನೆಯದು 230 ವೋಲ್ಟ್, 50 ಹರ್ಟ್ಸ್. ಜೆಟ್ ವಿಮಾನದಲ್ಲಿ ಸಾಮಾನ್ಯವಾಗಿ 115 ವೋಲ್ಟ್, 400 ಹರ್ಟ್ಸ್. ಜೊತೆಗೆ 28 ವೋಲ್ಟ್ ಡಿಸಿ. ಯಾಕೆ 400? ಆವರ್ತನ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು, ಮೋಟಾರುಗಳೊಳಗಿನ ಕಬ್ಬಿಣ ಕಡಿಮೆ ಸಾಕು, ತೂಕ ಇಳಿಯುತ್ತದೆ. ವಿಮಾನದಲ್ಲಿ ಪ್ರತಿ ಕಿಲೊಗೂ ಲೆಕ್ಕ ಇದೆ. ಡಿಪ್ಲೊಮಾ ಓದುವವರು ‘ಇದನ್ನು ಎರಡನೇ ಸೆಮಿಸ್ಟರಿನಲ್ಲೇ ಓದಿದ್ದೇವೆ’ ಅನ್ನಬಹುದು. ಓದಿದ್ದೀರಿ ಸರಿ, ಅದರ ಮುಂದೆ ಮೀಟರ್ ಹಿಡಿದು ನಿಂತಿಲ್ಲ.

ವಿಮಾನದೊಳಗಿನ ಎಲೆಕ್ಟ್ರಾನಿಕ್ ಉಪಕರಣಗಳನ್ನು ನಾವು ಡಬ್ಬ ಅನ್ನುತ್ತೇವೆ, ಅವು ಒಂದಕ್ಕೊಂದು ಮಾತಾಡುವ ಬಗೆ ಇನ್ನೊಂದು. ಎ320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಹೆಚ್ಚಿನ ಮಾಹಿತಿ ಹರಿಯುವುದು ಆರಿಂಕ್ 429 ಎಂಬ ಪದ್ಧತಿಯಲ್ಲಿ. ಒಂದು ಜೋಡಿ ತಂತಿಯಲ್ಲಿ ಹೇಳುವವನು ಒಬ್ಬನೇ, ಕೇಳುವವರು 20ರವರೆಗೆ ಇರಬಹುದು. ಒಂದೊಂದು ಸಂದೇಶ 32 ಬಿಟ್. ವೇಗ ಹೆಚ್ಚೆಂದರೆ ಸೆಕೆಂಡಿಗೆ 100 ಕಿಲೊಬಿಟ್. ಇಷ್ಟು ನಿಧಾನವಾ ಅಂತ ಹುಡುಗರು ನಗುತ್ತಾರೆ. ವಿಮಾನದವರಿಗೆ ಬೇಕಿರುವುದು ಪ್ರತಿ ಸಲವೂ ತಪ್ಪದೆ, ಗೊತ್ತಾದ ಹೊತ್ತಿಗೆ ಬರುವ ಅಂಕಿ. ಯುದ್ಧವಿಮಾನಗಳಲ್ಲಿ ಇರುವ 1553 ಎಂಬ ಬಸ್ (ಡಬ್ಬಗಳೆಲ್ಲ ಹಂಚಿಕೊಳ್ಳುವ ತಂತಿ) ಪದ್ಧತಿ ಬೇರೆಯೇ: ವೇಗ ಸೆಕೆಂಡಿಗೆ ಒಂದು ಮೆಗಾಬಿಟ್, ಒಂದು ದಾರಿ ಕೈಕೊಟ್ಟರೆ ಇನ್ನೊಂದು ದಾರಿ ಸಿದ್ಧ. ವಾಯುಪಡೆಯಿಂದ ನಾಗರಿಕ ವಿಮಾನಕ್ಕೆ ಬಂದವರು ಮೊದಮೊದಲು ಒದ್ದಾಡುವುದು ಇಲ್ಲಿಯೇ.

ಕೆಟ್ಟುಹೋದ ಡಬ್ಬವನ್ನು ಹ್ಯಾಂಗರಿನಲ್ಲಿ ಬಿಚ್ಚಿ ರಿಪೇರಿ ಮಾಡುತ್ತೇವೆ ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ. ಅದನ್ನು ಎಲ್‌ಆರ್‌ಯು ಅನ್ನುತ್ತೇವೆ, ಎಳೆದು ತೆಗೆದು ಬೇರೆಯದನ್ನು ತೂರಿಸುವ ಡಬ್ಬ. ಒಳಗಿನ ರಿಪೇರಿ ಅದಕ್ಕೆಂದೇ ಅನುಮತಿ ಪಡೆದ ಶಾಪಿನಲ್ಲಿ ಆಗಬೇಕು. ಕಾಕ್‌ಪಿಟ್ಟಿನ ಪರದೆಯಲ್ಲೇ ವಿಮಾನ ತನ್ನ ತೊಂದರೆಯನ್ನು ತಾನೇ ಹೇಳುತ್ತದೆ, ಇಂಥ ಡಬ್ಬ ನೋಡು ಅಂತ. ಹಾಗಿದ್ದರೆ ತಂತ್ರಜ್ಞನಿಗೆ ಏನು ಕೆಲಸ? ಇಲ್ಲಿದೆ ನೋಡಿ ಈ ವೃತ್ತಿಯ ಸ್ವಾರಸ್ಯ. ಹೊಸಬ ಪರದೆ ಹೇಳಿದ ಡಬ್ಬ ಬದಲಾಯಿಸಿ ಮನೆಗೆ ಹೋಗುತ್ತಾನೆ. ಶಾಪಿಗೆ ಹೋದ ಡಬ್ಬ ‘ದೋಷ ಕಾಣಲಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು ವಾಪಸು ಬರುತ್ತದೆ. ಮೂರನೇ ದಿನ ಅದೇ ವಿಮಾನ, ಅದೇ ದೂರು. ಪಳಗಿದವನು ಮೊದಲು ಕನೆಕ್ಟರ್ ಬಿಚ್ಚಿ ಟಾರ್ಚು ಹಾಕುತ್ತಾನೆ. ಒಳಕ್ಕೆ ಸರಿದ ಪಿನ್ನು, ಹಸಿರುಗಟ್ಟಿದ ಸಂಪರ್ಕ, ಕ್ಲ್ಯಾಂಪಿನ ಕೆಳಗೆ ತಿಕ್ಕಿ ಸವೆದ ತಂತಿ. ಮೇಲೆ ಮೈನಸ್ 50 ಡಿಗ್ರಿಯಲ್ಲಿ ಹಾರಿ ತಣ್ಣಗಾದ ವಿಮಾನ ಮಂಗಳೂರಿನಂಥ ಜಾಗದಲ್ಲಿ ಇಳಿದರೆ ಸಂದುಗೊಂದಿನಲ್ಲೆಲ್ಲ ನೀರಿನ ಹನಿ. ಗಾಳಿಯಲ್ಲಿ ಬರುವ ದೋಷ ನೆಲದ ಮೇಲೆ ಮಾಯ. ಇಂಥದ್ದನ್ನು ಹಿಡಿಯುವ ಬುದ್ಧಿ ಬರುವುದಕ್ಕೆ ವರ್ಷಗಳು ಬೇಕು, ಅದನ್ನು ಯಾವ ಪ್ರಶ್ನೆಪತ್ರಿಕೆಯೂ ಅಳೆಯುವುದಿಲ್ಲ.

ತಂತಿಯನ್ನು ಹಗುರವಾಗಿ ನೋಡಬೇಡಿ. 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು. 229 ಜನ ಹೋದರು. ಕಾಕ್‌ಪಿಟ್ಟಿನ ಮೇಲ್ಛಾವಣಿಯೊಳಗೆ ತಂತಿಯಲ್ಲಿ ಕಿಡಿ ಹಾರಿ, ಸುಲಭವಾಗಿ ಹೊತ್ತಿಕೊಳ್ಳುವ ಹೊದಿಕೆಗೆ ಬೆಂಕಿ ತಗುಲಿತ್ತು. ಪ್ರಯಾಣಿಕರ ಮನರಂಜನೆಯ ವ್ಯವಸ್ಥೆಗೆ ಎಳೆದ ತಂತಿಗಳೂ ಅಲ್ಲೇ ಇದ್ದವು. ಅಂಥ ಅಪಘಾತಗಳ ನಂತರವೇ ತಂತಿಜಾಲವನ್ನೇ ಒಂದು ವ್ಯವಸ್ಥೆ ಎಂದು ಎಣಿಸಿ, ಅದರ ಪರಿಶೀಲನೆಗೆ ಪ್ರತ್ಯೇಕ ನಿಯಮ, ಪ್ರತ್ಯೇಕ ತರಬೇತಿ ಬಂದದ್ದು.

ಈಗ ಸಹಿಯ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ವೃತ್ತಿಯ ಎದೆಯೇ ಇಲ್ಲಿದೆ.

2018ರ ಅಕ್ಟೋಬರ್ 29ರ ಬೆಳಿಗ್ಗೆ ಇಂಡೊನೇಷ್ಯಾದ ಜಕಾರ್ತಾದಿಂದ ಹೊರಟ ಲಯನ್ ಏರ್ 610, ಬೋಯಿಂಗ್ 737 ಮ್ಯಾಕ್ಸ್, ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಎಂಕ್ಯಾಸ್ ಎಂಬ ಸಾಫ್ಟ್‌ವೇರಿನ ಕಥೆಯಾಗಿ ನೀವು ಅದನ್ನು ಕೇಳಿರುತ್ತೀರಿ. ಒಂದೇ ಒಂದು ಸಂವೇದಕದ ಮಾತು ನಂಬಿ ಮೂತಿಯನ್ನು ಕೆಳಕ್ಕೆ ದೂಡುವ ವಿನ್ಯಾಸ ದೊಡ್ಡ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂವೇದಕ ಅಲ್ಲಿಗೆ ಬಂದದ್ದು ಹೇಗೆ ನೋಡಿ. ಗಾಳಿ ಯಾವ ಕೋನದಲ್ಲಿ ಬಂದು ಹೊಡೆಯುತ್ತಿದೆ ಎಂದು ಅಳೆಯುವ ಪುಟ್ಟ ರೆಕ್ಕೆಯಂಥ ಭಾಗ ಅದು, ಮೂತಿಯ ಪಕ್ಕದಲ್ಲಿರುತ್ತದೆ. ವೇಗ ಮತ್ತು ಎತ್ತರದ ಎಚ್ಚರಿಕೆಗಳು ಬರುತ್ತಿದ್ದವೆಂದು ಹಿಂದಿನ ದಿನ ಡೆನ್‌ಪಸಾರ್‌ನಲ್ಲಿ ಅದನ್ನು ಬದಲಾಯಿಸಿದರು. ಹಾಕಿದ್ದು ರಿಪೇರಿಯಾಗಿ ಬಂದ ಸಂವೇದಕ. ರಿಪೇರಿ ಮಾಡಿದ ಶಾಪಿನಲ್ಲಿ ಅದನ್ನು 21 ಡಿಗ್ರಿ ತಪ್ಪಾಗಿ ಹೊಂದಿಸಿದ್ದರು, ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಮೇಲೆ ಶಾಪಿನ ಸಹಿ ಇತ್ತು. ವಿಮಾನಕ್ಕೆ ಅಳವಡಿಸಿದ ಮೇಲೆ ಒಂದು ಪರೀಕ್ಷೆ ಮಾಡಬೇಕು. ಅದನ್ನು ಸರಿಯಾಗಿ ಮಾಡಿದ್ದಿದ್ದರೆ 21 ಡಿಗ್ರಿ ತಪ್ಪು ಸಿಕ್ಕಿಬೀಳಬೇಕಿತ್ತು. ಪರೀಕ್ಷೆ ನಡೆದಿದೆ ಎಂದು ಖಚಿತಪಡಿಸುವ ದಾಖಲೆ ತನಿಖೆಗಾರರಿಗೆ ಸಿಗಲಿಲ್ಲ. ಸಾಕ್ಷಿಯಾಗಿ ಕೊಟ್ಟ ಫೋಟೊಗಳು ಆ ವಿಮಾನದವೇ ಅಲ್ಲ ಎಂದು ತನಿಖೆ ಹೇಳಿತು. ಅಲ್ಲಿಯೂ ಒಂದು ಸಹಿ ಬಿದ್ದಿತ್ತು.

ಇನ್ನೊಂದು ಕೊಂಡಿ ಬಾಕಿ ಇದೆ. ಆ ರಾತ್ರಿ ಡೆನ್‌ಪಸಾರ್‌ನಿಂದ ಜಕಾರ್ತಾಕ್ಕೆ ಬಂದ ಪೈಲಟ್‌ಗಳಿಗೂ ಇದೇ ತೊಂದರೆ ಆಗಿತ್ತು. ಅವರು ಮೂತಿಯನ್ನು ದೂಡುತ್ತಿದ್ದ ಮೋಟಾರಿನ ಸ್ವಿಚ್ಚನ್ನೇ ಆರಿಸಿ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದ್ದರು. ಆದರೆ ಪುಸ್ತಕದಲ್ಲಿ ಬರೆದದ್ದು ಅರ್ಧ. ಕಂಟ್ರೋಲ್ ಹಿಡಿ ಗಡಗಡ ನಡುಗಿದ್ದನ್ನೂ ಬರೆಯಲಿಲ್ಲ, ಸ್ವಿಚ್ ಆರಿಸಿದ್ದನ್ನೂ ಬರೆಯಲಿಲ್ಲ. ಜಕಾರ್ತಾದ ರಾತ್ರಿ ಪಾಳಿಯ ಎಂಜಿನಿಯರು ಪುಸ್ತಕದಲ್ಲಿ ಇದ್ದಷ್ಟಕ್ಕೆ ಔಷಧಿ ಕೊಟ್ಟರು: ಗಾಳಿಯ ಕೊಳವೆ ತೊಳೆದರು, ಕನೆಕ್ಟರ್ ಒರೆಸಿದರು, ಪರೀಕ್ಷೆ ಪಾಸಾಯಿತು. ಬೆಳಿಗ್ಗೆ ವಿಮಾನ ಹೋಯಿತು. ಇಂಡೊನೇಷ್ಯಾದ ತನಿಖಾ ಸಮಿತಿ 2019ರಲ್ಲಿ ಕೊಟ್ಟ ಅಂತಿಮ ವರದಿ ಒಂಬತ್ತು ಕಾರಣಗಳನ್ನು ಪಟ್ಟಿ ಮಾಡಿತು. ಅದನ್ನು ಓದಿದಾಗೆಲ್ಲ ನನಗೆ ಕೋಪ ಬರುವುದು ಸಾಫ್ಟ್‌ವೇರ್ ಬರೆದವರ ಮೇಲೆ, ಭಯ ಬರುವುದು ನಮ್ಮವರ ಕೆಲಸ ನೋಡಿ. ಇಂಥ ರಾತ್ರಿ ಯಾವ ಹ್ಯಾಂಗರಿನಲ್ಲಿ ಬೇಕಾದರೂ ಬರಬಹುದು.

ಇನ್ನು ಲೈಸೆನ್ಸು. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನಿಯಮದ ಹೆಸರು ಸಿಎಆರ್-66. ಯುರೋಪಿನ ಪದ್ಧತಿಯ ಅಚ್ಚಿನಲ್ಲೇ ಮಾಡಿದ್ದು. ‘ಎ’ ಅಂದರೆ ಸಣ್ಣಪುಟ್ಟ ಕೆಲಸ, ಅದೂ ತಾನು ಮಾಡಿದ್ದಕ್ಕೆ ಮಾತ್ರ ಸಹಿ. ‘ಬಿ1’ ಅಂದರೆ ಎಂಜಿನ್, ದೇಹ, ಯಾಂತ್ರಿಕ ಮತ್ತು ವಿದ್ಯುತ್ ವ್ಯವಸ್ಥೆಗಳು. ‘ಬಿ2’ ನಮ್ಮದು, ಏವಿಯಾನಿಕ್ಸ್ ಮತ್ತು ವಿದ್ಯುತ್. ‘ಸಿ’ ಅಂದರೆ ದೊಡ್ಡ ತಪಾಸಣೆ ಮುಗಿದ ಮೇಲೆ ಇಡೀ ವಿಮಾನವನ್ನು ಹ್ಯಾಂಗರಿನಿಂದ ಬಿಡುಗಡೆ ಮಾಡುವವರು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ದಾರಿ ಇದೆ. ಡಿಪ್ಲೊಮಾದವರು ತಮ್ಮ ವಿಭಾಗಕ್ಕೆ ಅರ್ಹತೆ ಇದೆಯೇ ಎಂದು ಏಜೆಂಟರನ್ನು ಕೇಳದೆ ನಿಯಮದಲ್ಲೇ ನೋಡಿಕೊಳ್ಳಿ.

ಬಿ2 ಮಾಡುವ ಹುಡುಗನ ಮುಂದೆ ಇರುವುದು ಮಾಡ್ಯೂಲ್‌ಗಳ ಸಾಲು. ವಿದ್ಯುತ್, ಎಲೆಕ್ಟ್ರಾನಿಕ್ಸ್, ಡಿಜಿಟಲ್ ತಂತ್ರ, ಸಾಮಗ್ರಿ, ನಿರ್ವಹಣೆಯ ಪದ್ಧತಿಗಳು, ವಾಯುಬಲ, ಮಾನವ ಅಂಶಗಳು, ಕಾನೂನು. ಅದರ ಮೇಲೆ ಬಿ2ಗೆಂದೇ ಇರುವ 13 ಮತ್ತು 14ನೇ ಮಾಡ್ಯೂಲ್. ಹದಿಮೂರು ಹೆಬ್ಬಾವು, ವಿಮಾನದ ಎಲ್ಲ ವ್ಯವಸ್ಥೆಯೂ ಅದರ ಹೊಟ್ಟೆಯಲ್ಲಿದೆ. ಹುಡುಗರು ಹಗುರವಾಗಿ ತೆಗೆದುಕೊಳ್ಳುವುದು ಒಂಬತ್ತನೆಯದನ್ನು, ಮಾನವ ಅಂಶಗಳು. ಕೆನಡಾದ ಗಾರ್ಡನ್ ಡುಪಾಂಟ್ 1993ರಲ್ಲಿ ನಿರ್ವಹಣಾ ಕೆಲಸದ ತಪ್ಪುಗಳಿಗೆ 12 ಕಾರಣಗಳ ಪಟ್ಟಿ ಮಾಡಿದ: ದಣಿವು, ಒತ್ತಡ, ಸಂವಹನದ ಕೊರತೆ, ‘ನಂಗೆಲ್ಲ ಗೊತ್ತು’ ಎಂಬ ಧೋರಣೆ ಹೀಗೆ. ಲಯನ್ ಏರ್ ಕಥೆಯ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು ಒಮ್ಮೆ ಓದಿ.

ತರಬೇತಿ ಸಂಸ್ಥೆಗಳ ನಿಯಮ ಸಿಎಆರ್-147. ಅದರ ಅನುಮತಿ ಇರುವ ಸಂಸ್ಥೆಯಲ್ಲಿ ಬಿ2ಗೆ 2,400 ಗಂಟೆಗಳ ತರಬೇತಿ. ಅಲ್ಲಿಗೆ ಮುಗಿಯಿತಾ? ಇಲ್ಲ. ಅದರ ಮೇಲೆ ಹಾರಾಟದಲ್ಲಿರುವ ವಿಮಾನಗಳ ಮೇಲೆ ಎರಡು ವರ್ಷದ ಅನುಭವ ಬೇಕು. ಅನುಮತಿ ಪಡೆದ ಕೋರ್ಸು ಮಾಡದೆ, ಸಂಬಂಧಪಟ್ಟ ತಾಂತ್ರಿಕ ತರಬೇತಿಯೂ ಇಲ್ಲದೆ, ಬರೀ ಮಾಡ್ಯೂಲ್ ಪರೀಕ್ಷೆ ಬರೆದವರಿಗೆ ಐದು ವರ್ಷ. ಈ ಎರಡು ವರ್ಷ ಎಂಬುದೇ ಕಂದಕ. ಎಷ್ಟೋ ಹುಡುಗರು ಮಾಡ್ಯೂಲ್ ಎಲ್ಲ ಪಾಸು ಮಾಡಿ, ಹ್ಯಾಂಗರಿನೊಳಗೆ ಕಾಲಿಡಲು ಜಾಗ ಸಿಗದೆ, ಮೊಬೈಲ್ ಅಂಗಡಿಯಲ್ಲಿ ಕೂತಿರುವುದನ್ನು ನಾನೇ ನೋಡಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ಮನೆಯವರು ಕಬ್ಬಿನ ದುಡ್ಡು ನಂಬಿ ಸಾಲ ಮಾಡಿದ್ದರು, ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಇಲ್ಲಿರುವವರಿಗೆ ನಾನು ಹೇಳಬೇಕಿಲ್ಲ. ಆದ್ದರಿಂದ ಹೇಳುತ್ತೇನೆ: ಡಿಜಿಸಿಎ ಜಾಲತಾಣದಲ್ಲಿ ಅನುಮತಿ ಪಡೆದ ಸಂಸ್ಥೆಗಳ ಪಟ್ಟಿ ಇದೆ. ನಿಮಗೆ ಹೇಳಿರುವ ಕಾಲೇಜು ಅದರಲ್ಲಿ ಇದೆಯೇ, ಇದ್ದರೆ ಬಿ2ಗೆ ಇದೆಯೇ ಅಥವಾ ಬರೀ ಬಿ1ಗೋ, ಅನುಮತಿ ಇವತ್ತಿಗೂ ಚಾಲ್ತಿಯಲ್ಲಿದೆಯೇ ನೋಡಿ. ಏರೊನಾಟಿಕಲ್ ಬಿಇ, ಏವಿಯೇಷನ್ ಬಿಎಸ್ಸಿ ಒಳ್ಳೆಯ ಓದೇ ಇರಬಹುದು. ಆದರೆ ಅವು ಲೈಸೆನ್ಸ್ ಅಲ್ಲ, ಆ ಪದವಿ ಹಿಡಿದುಕೊಂಡು ಹೋಗಿ ವಿಮಾನಕ್ಕೆ ಸಹಿ ಹಾಕಲಾಗುವುದಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೂ ಸಹಿ ನಡೆಯುವುದಿಲ್ಲ ಅಂದರೆ ನಿಮಗೆ ಆಶ್ಚರ್ಯ ಆಗುತ್ತದೆ. ಕಾರಿನ ಲೈಸೆನ್ಸ್ ಇದ್ದವನು ಕೆಎಸ್‌ಆರ್‌ಟಿಸಿ ಬಸ್ಸಿನ ಸ್ಟಿಯರಿಂಗ್ ಹಿಡಿಯುವಂತಿಲ್ಲ ಅಲ್ಲವಾ, ಹಾಗೆ. ಎ320ಗೆ ಬೇರೆ, 737ಗೆ ಬೇರೆ, ಎಟಿಆರ್‌ಗೆ ಬೇರೆ ತರಬೇತಿ, ಅದಕ್ಕೆ ಟೈಪ್ ರೇಟಿಂಗ್ ಅನ್ನುತ್ತಾರೆ. ಮೊದಲ ಟೈಪ್‌ಗೆ ಪಾಠ, ಪ್ರಾಯೋಗಿಕದ ಜೊತೆಗೆ ಕೆಲಸದ ಮೇಲಿನ ತರಬೇತಿಯೂ ಬೇಕು. ಅದೂ ಆದ ಮೇಲೆ ನೀವು ಕೆಲಸ ಮಾಡುವ ಕಂಪನಿ ತನ್ನ ಕಡೆಯಿಂದ ಅಧಿಕಾರಪತ್ರ ಕೊಡಬೇಕು. ಕಂಪನಿ ಬಿಟ್ಟರೆ ಆ ಪತ್ರ ಅಲ್ಲಿಗೆ ಮುಗಿಯಿತು, ಹೊಸ ಕಂಪನಿಯಲ್ಲಿ ಹೊಸದು. ಹಿಂದಿನ ಎರಡು ವರ್ಷದಲ್ಲಿ ಆರು ತಿಂಗಳಾದರೂ ಆ ಕೆಲಸ ಮಾಡಿರಬೇಕು. ಕೈ ಬಿಟ್ಟರೆ ಹಕ್ಕೂ ಬಿಡುತ್ತದೆ. ಟೈಪ್ ರೇಟಿಂಗ್ ಖರ್ಚನ್ನು ಕಂಪನಿ ಭರಿಸಿದರೆ ಬಾಂಡ್ ಬರೆಸಿಕೊಳ್ಳುವುದು ವಾಡಿಕೆ. ಆ ಬಾಂಡನ್ನು ಒಬ್ಬ ವಕೀಲರಿಗೆ ತೋರಿಸಿ ಓದಿಸಿಕೊಳ್ಳಿ. ಮುದ್ದೆ ನುಂಗಿದ ಹಾಗೆ ನುಂಗಬೇಡಿ.

ಬಿ1ಆ ಬಿ2ಆ ಅಂತ ತುಂಬ ಜನ ಕೇಳುತ್ತಾರೆ. ಮುಚ್ಚಿಡದೆ ಹೇಳುತ್ತೇನೆ, ಸಂಖ್ಯೆಯ ದೃಷ್ಟಿಯಿಂದ ಬಿ1 ಹುದ್ದೆಗಳೇ ಜಾಸ್ತಿ. ಸಣ್ಣ ನಿಲ್ದಾಣದಲ್ಲಿ ಒಬ್ಬನನ್ನೇ ಇಡುವುದಾದರೆ ಕಂಪನಿ ಬಿ1ನವನನ್ನು ಇಡುತ್ತದೆ, ಯಾಕೆಂದರೆ ಸರಳ ಪರೀಕ್ಷೆಯಿಂದ ಸರಿಯಾಗಿದೆ ಎಂದು ತೋರಿಸಬಹುದಾದ ಏವಿಯಾನಿಕ್ಸ್ ಡಬ್ಬವನ್ನು ಬದಲಾಯಿಸಿ ಸಹಿ ಹಾಕುವ ಹಕ್ಕು ಅವನಿಗೂ ಇದೆ. ಬಿ2ನವನ ಬೆಲೆ ತಿಳಿಯುವುದು ಆ ಸರಳ ಪರೀಕ್ಷೆ ಮೂರು ಸಲ ಪಾಸಾಗಿ ದೋಷ ನಾಲ್ಕನೇ ಸಲ ಬಂದಾಗ. ಎಲೆಕ್ಟ್ರಾನಿಕ್ಸ್ ಮೇಲೆ ನಿಜವಾದ ಪ್ರೀತಿ ಇದ್ದರೆ ಮಾತ್ರ ಬಿ2ಗೆ ಬನ್ನಿ, ಪಕ್ಕದ ಮನೆಯವನು ಹೋದ ಅಂತ ಬರಬೇಡಿ.

ಫೀಸು ಕಟ್ಟಲು ಆಗದವರಿಗೆ ಬೇರೆ ದಾರಿಗಳಿವೆ, ಅವು ಕೀಳಲ್ಲ. ಒಂದು, ವಾಯುಪಡೆ. 2022ರಿಂದ ಸೈನಿಕ ಹುದ್ದೆಗೆ ಅಗ್ನಿವೀರ್‌ವಾಯು ಮೂಲಕ ಸೇರಬೇಕು: ನಾಲ್ಕು ವರ್ಷ, ಅದರಲ್ಲಿ 25 ಶೇಕಡದವರೆಗೆ ಮಾತ್ರ ಮುಂದುವರಿಕೆ. ನಮ್ಮ ಕಾಲದ ಹಾಗೆ ದೀರ್ಘ ಸೇವೆ ಖಾತ್ರಿ ಇಲ್ಲ, ಅದನ್ನು ತಿಳಿದೇ ಹೋಗಬೇಕು. ಅಲ್ಲಿನ ಅನುಭವವನ್ನು ನಾಗರಿಕ ಲೈಸೆನ್ಸಿಗೆ ಪರಿಗಣಿಸುತ್ತಾರೆ, ಆದರೆ ನಾಗರಿಕ ವಿಮಾನದ ಅನುಭವವನ್ನೂ ಸೇರಿಸಬೇಕು. ಎರಡನೆಯದು ಎಚ್‌ಎಎಲ್‌ನಂಥ ಕಡೆ ಅಪ್ರೆಂಟಿಸ್. 1961ರ ಕಾಯಿದೆಯ ಪ್ರಕಾರ ಸ್ಟೈಪೆಂಡ್ ಕೊಟ್ಟು ಕಲಿಸುತ್ತಾರೆ. ಐಟಿಐನಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಮಾಡಿದವರು ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ಅಪ್ರೆಂಟಿಸ್ ಮುಗಿದರೆ ಕೆಲಸ ಖಾಯಂ ಎಂದಲ್ಲ. ಆದರೆ ಕ್ರಿಂಪಿಂಗ್, ಸೋಲ್ಡರಿಂಗ್, ಬಾಂಡಿಂಗ್ ಮೀಟರ್ ಹಿಡಿಯುವುದು, ಟಾರ್ಕ್ ರೆಂಚನ್ನು ಮರ್ಯಾದೆಯಿಂದ ಬಳಸುವುದು, ಉಪಕರಣ ಎಣಿಸಿ ವಾಪಸು ಇಡುವುದು ಇಷ್ಟು ಕೈಗೆ ಹತ್ತುತ್ತದೆ.

ಮೂರನೆಯದು ನಮ್ಮ ಮನೆ ಬಾಗಿಲಲ್ಲೇ ಇದೆ, ಯಾರೂ ಗಮನಿಸುವುದಿಲ್ಲ. ಹೆಬ್ಬಾಳದ ಬೋರ್ಡ್ ಜೋಡಣೆಯ ಮಾತು ಹೇಳಿದೆನಲ್ಲ, ಅದರ ಜೊತೆಗೆ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸರ್ಕ್ಯೂಟ್ ಬೋರ್ಡುಗಳನ್ನೇ ತಯಾರಿಸುತ್ತದೆ. ಎಲೆಕ್ಟ್ರಾನಿಕ್ಸ್ ಜೋಡಣೆಯ ಕೆಲಸದಲ್ಲಿ ಐಪಿಸಿ-ಎ-610 ಎಂಬ ಮಾನದಂಡ ಲೋಕವೆಲ್ಲ ನಡೆಯುತ್ತದೆ, ಒಳ್ಳೆಯ ಬೆಸುಗೆ ಯಾವುದು, ಕೆಟ್ಟದ್ದು ಯಾವುದು ಎಂದು ಚಿತ್ರ ಸಮೇತ ಹೇಳುವ ಪುಸ್ತಕ. ಅದರಲ್ಲಿ ಪ್ರಮಾಣಪತ್ರ ಪಡೆದ ಕೈಗೆ ಕಾರ್ಖಾನೆಯಲ್ಲೂ ಬೆಲೆ, ಮುಂದೆ ವಿಮಾನದ ಡಬ್ಬಗಳನ್ನು ರಿಪೇರಿ ಮಾಡುವ ಶಾಪಿನಲ್ಲೂ ಬೆಲೆ. ಅಂಥ ಶಾಪಿನಲ್ಲಿ ಬೆಂಚಿನ ಮೇಲೆ ಕೂತು ಕಾಂಪೊನೆಂಟ್ ಮಟ್ಟದಲ್ಲಿ ದೋಷ ಹುಡುಕುವ ಕೆಲಸ ಇದೆ ನೋಡಿ, ನನ್ನನ್ನು ಕೇಳಿದರೆ ಈ ವೃತ್ತಿಯ ಅತಿ ಸೊಗಸಾದ ಭಾಗ ಅದೇ. ಮಳೆ ಇಲ್ಲ, ಬಿಸಿಲಿಲ್ಲ, ವಿಮಾನ ತಡವಾಯಿತೆಂದು ಕೂಗುವವರಿಲ್ಲ.

ಮೇಲಿನ ಮೆಟ್ಟಿಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರೈನಿ, ಟೆಕ್ನಿಷಿಯನ್, ಸಹಿ ಹಾಕುವ ಎಂಜಿನಿಯರ್, ಪಾಳಿಯ ಮುಖ್ಯಸ್ಥ. ಅಲ್ಲಿಂದ ಕವಲು. ಬಿ2 ಹಕ್ಕನ್ನು ದೊಡ್ಡ ವಿಮಾನಗಳ ಮೇಲೆ ಮೂರು ವರ್ಷ ಚಲಾಯಿಸಿದವರು ‘ಸಿ’ಗೆ ಹೋಗಬಹುದು. ಕೆಲವರು ನಿರ್ವಹಣಾ ನಿಯಂತ್ರಣ ಕೊಠಡಿಗೆ ಹೋಗುತ್ತಾರೆ: ದೂರದ ಊರಲ್ಲಿ ಕೆಟ್ಟು ನಿಂತ ವಿಮಾನ ಹಾರಬಹುದೇ ಇಲ್ಲವೇ ಎಂದು ನಡುರಾತ್ರಿ ಫೋನಿನಲ್ಲಿ ಉತ್ತರ ಹೇಳುವ ಜಾಗ. ಕೆಲವರು ಗುಣಮಟ್ಟದ ಆಡಿಟ್, ಕೆಲವರು ತರಬೇತಿ, ಇನ್ನು ಕೆಲವರು ಯುಪಿಎಸ್‌ಸಿ ಮೂಲಕ ಡಿಜಿಸಿಎಯಲ್ಲಿ ವಾಯುಯೋಗ್ಯತಾ ಅಧಿಕಾರಿ. ಹೊಸದಾಗಿ ಬೆಳೆಯುತ್ತಿರುವುದು ಸಾಫ್ಟ್‌ವೇರ್ ಭಾಗ. ವಿಮಾನದ ದಾರಿಯ ಮಾಹಿತಿಯನ್ನು 28 ದಿನಕ್ಕೊಮ್ಮೆ ಹೊಸದಾಗಿ ತುಂಬಬೇಕು. 787ರಂಥ ವಿಮಾನದೊಳಗೆ ಪೂರಾ ನೆಟ್‌ವರ್ಕೇ ಇದೆ. ಸ್ಕ್ರೂಡ್ರೈವರ್ ಜೊತೆಗೆ ಲ್ಯಾಪ್‌ಟಾಪೂ ಹಿಡಿಯಬೇಕಾದ ಕಾಲ. ಇಂಡಿಗೊ 2023ರಲ್ಲಿ ಒಂದೇ ಸಲ 500 ವಿಮಾನಗಳಿಗೆ, ಏರ್ ಇಂಡಿಯಾ ಅದೇ ವರ್ಷ 470ಕ್ಕೆ ಆರ್ಡರ್ ಕೊಟ್ಟವು. ಅವು ಬರುತ್ತಾ ಹೋದಂತೆ ಕೈಗಳು ಬೇಕು, ಸರಿ. ಆದರೆ ವಿಮಾನ ಬರುವ ವೇಗದಲ್ಲಿ ಅನುಭವ ಬರುವುದಿಲ್ಲ, ಕಂಪನಿಗಳಿಗೆ ಬೇಕಿರುವುದು ಅನುಭವಿಗಳು. ಈ ಎಳೆದಾಟದ ನಡುವೆ ಹೊಸಬರು ನುಗ್ಗಬೇಕು.

ವಿದೇಶದ ಆಸೆ ಇರುವವರಿಗೆ ಒಂದು ಮಾತು. ನಮ್ಮ ಲೈಸೆನ್ಸ್ ಯುರೋಪಿನ ಅಚ್ಚಿನಲ್ಲಿದ್ದರೂ ತಾನೇ ತಾನಾಗಿ ಅಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಏವಿಯಾನಿಕ್ಸ್‌ಗೆಂದೇ ಸರ್ಕಾರಿ ಲೈಸೆನ್ಸ್ ಇಲ್ಲ. ಅಲ್ಲಿ ಬಹುಪಾಲು ರಿಪೇರಿ ಕೇಂದ್ರದ ಅನುಮತಿಯ ನೆರಳಲ್ಲಿ ಕೆಲಸ ಮಾಡುತ್ತಾರೆ, ಎಇಟಿ ಎಂಬ ಪ್ರಮಾಣಪತ್ರ ಇದ್ದರೂ ಅದು ಸ್ವಂತ ಇಷ್ಟಕ್ಕೆ ಪಡೆಯುವಂಥದ್ದು.

ಆಮೇಲೆ ಪ್ರಶ್ನೆಗಳು ಬಂದವು.

ಮದ್ದೂರಿನ ಕಡೆಯ ಹುಡುಗ ಕೇಳಿದ: ‘ಸರ್, ನಾನು ಎಸ್‌ಎಸ್‌ಎಲ್‌ಸಿವರೆಗೂ ಕನ್ನಡ ಮಾಧ್ಯಮ. ಮ್ಯಾನ್ಯುಯಲ್ ಎಲ್ಲ ಇಂಗ್ಲಿಷಲ್ಲವಾ?’ ಇಂಗ್ಲಿಷೇ. ಆದರೆ ಹೆದರಬೇಡ. ವಿಮಾನದ ಮ್ಯಾನ್ಯುಯಲ್‌ಗಳನ್ನು ಬರೆಯುವುದಕ್ಕೆ ಸರಳ ತಾಂತ್ರಿಕ ಇಂಗ್ಲಿಷ್ ಎಂಬ ಕಟ್ಟುಪಾಡು ಇದೆ. ಹೆಚ್ಚುಕಡಿಮೆ 900 ಸಾಮಾನ್ಯ ಪದ, ಅದರ ಮೇಲೆ ತಾಂತ್ರಿಕ ಹೆಸರುಗಳು. ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ಇಂಗ್ಲಿಷ್ ಮಾತೃಭಾಷೆಯಲ್ಲದ ನಮ್ಮಂಥವರಿಗಾಗಿಯೇ ಮಾಡಿದ್ದು ಅದು. ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದಿದರೆ ಒಂದು ವರ್ಷದಲ್ಲಿ ಹಿಡಿತ ಬರುತ್ತದೆ. ಕಾನ್ವೆಂಟ್ ಹುಡುಗರು ಅರ್ಧ ಓದಿ ಉಳಿದದ್ದನ್ನು ಊಹಿಸುತ್ತಾರೆ, ನಮ್ಮವರು ಪದ ಪದ ಬಿಡಿಸಿ ಓದುತ್ತಾರೆ. ಹ್ಯಾಂಗರಿನಲ್ಲಿ ಎರಡನೆಯ ಬಗೆಯವರೇ ಬೇಕು.

ಒಬ್ಬ ತಾಯಿ ಕೇಳಿದ್ದು ರಾತ್ರಿ ಪಾಳಿಯ ಬಗ್ಗೆ, ಮಗಳಿಗೆ ಆಗುತ್ತದೆಯೇ ಎಂದು. ಹಗಲು ವಿಮಾನ ಹಾರುತ್ತಿರುತ್ತದೆ, ಹಾಗಾಗಿ ನಿಲ್ದಾಣದಲ್ಲಿ ನಿಂತ ವಿಮಾನದ ಮೇಲೆ ಮಾಡುವ ಲೈನ್ ಕೆಲಸದ ಹೆಚ್ಚು ಪಾಲು ರಾತ್ರಿಯೇ. ಅದು ಗಂಡುಮಕ್ಕಳಿಗೂ ಕಷ್ಟ. ಕಾಂಪೊನೆಂಟ್ ಶಾಪ್, ಯೋಜನೆ, ತಾಂತ್ರಿಕ ಸೇವೆಗಳಲ್ಲಿ ಹಗಲು ಕೆಲಸ ಹೆಚ್ಚು. ನನ್ನ ಜೊತೆ ರಾತ್ರಿ ಪಾಳಿ ಮಾಡಿದ ಹೆಣ್ಣುಮಕ್ಕಳು ಇದ್ದರು, ಕನೆಕ್ಟರ್ ಪಿನ್ನಿನ ಕೆಲಸದಲ್ಲಿ ಅವರ ತಾಳ್ಮೆ ನಮಗೆ ಇರಲಿಲ್ಲ. ಕಂಪನಿ ಮನೆವರೆಗೆ ವಾಹನ ಕೊಡುತ್ತದೆಯೇ ಎಂದು ಸಂದರ್ಶನದಲ್ಲೇ ಕೇಳಿ, ಸಂಕೋಚ ಬೇಡ.

ಬಣ್ಣ ಗುರುತಿಸುವ ತೊಂದರೆ ಇದ್ದರೆ? ವಿಮಾನದ ಬಹುತೇಕ ತಂತಿಗಳು ಬಿಳಿಯವೇ, ಗುರುತು ಸಂಖ್ಯೆಯನ್ನು ಮೇಲೆ ಮುದ್ರಿಸಿರುತ್ತಾರೆ. ಆದರೂ ದೀಪ, ಪರದೆ, ಕಾಂಪೊನೆಂಟುಗಳಲ್ಲಿ ಬಣ್ಣವೇ ಮಾತಾಡುತ್ತದೆ. ಫೀಸು ಕಟ್ಟಿದ ಮೇಲೆ ಗೊತ್ತಾಗುವುದು ಬೇಡ, ಮೊದಲೇ ಕಣ್ಣಿನ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.

ಕೊನೆಯ ಪ್ರಶ್ನೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದವನದು: ‘ಈಗ, ಈ ತಿಂಗಳು, ನಾನು ಏನು ಮಾಡಬೇಕು?’ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸು. ಎಚ್‌ಎಎಲ್, ಬಿಇಎಲ್ ಪ್ರಕಟಣೆಗಳನ್ನು ವಾರಕ್ಕೊಮ್ಮೆ ನೋಡು. ಫೈನಲ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಮಾಡಿಸಬೇಡ. ಎರಡು ಮೈಕ್ರೊಕಂಟ್ರೋಲರ್ ಇಟ್ಟುಕೊಂಡು ಆರಿಂಕ್ 429ರ 32 ಬಿಟ್ ಪದವನ್ನು ನೀನೇ ಕಳಿಸಿ ನೀನೇ ಓದು, ಪ್ಯಾರಿಟಿ ಬಿಟ್ ತಪ್ಪಿದರೆ ಹಿಡಿಯುವಂತೆ ಮಾಡು. ಸಂದರ್ಶನದಲ್ಲಿ ಅದರ ಬಗ್ಗೆಯೇ ಅರ್ಧ ಗಂಟೆ ಮಾತಾಡಬಹುದು. ಮತ್ತೆ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಟ್ಟುಕೊಂಡು ಲ್ಯಾಬಿನಲ್ಲಿ ಮಾಡಿದ ಕೆಲಸ, ದಿನಾಂಕ, ಬಳಸಿದ ಮೀಟರ್, ಬಂದ ಅಂಕಿ ಬರೆಯುವ ರೂಢಿ ಮಾಡಿಕೊ. ಅಂಕಿ ಸರಿ ಬರದ ದಿನವೂ ಬಂದದ್ದನ್ನೇ ಬರೆ.